ಸುಟ್ಟುಹೋದ ಅಲೆಕ್ಸಾಂಡರ್

"ಅಪ್ಪನ ಪುಸ್ತಕಾನ ಸುಟ್ಟುಹಾಕಿದ್ದಾರೆ. ಯಾರು ಅಂತ ನನಗೆ ಗೊತ್ತು. ನೀವು ಬಂದು ಸಾಬೀತು ಮಾಡಿಕೊಟ್ಟರೆ ಸಾಕು."

ಇತಿಹಾಸದ ಮೇಷ್ಟ್ರ ಮಗಳು ಬಾಗಿಲಲ್ಲೇ ನಿಂತು ಹೀಗೆಂದಾಗ ಔಷಧಿ ಅಂಗಡಿಯವನು ಗೆಳೆಯನ ಮುಖ ನೋಡಿದ. ಗೆಳೆಯ ಪತ್ತೇದಾರ, ಯಾವುದಕ್ಕೂ ಆತುರಪಡದ ಅವನಿಗೆ ಜನ ಇಟ್ಟ ಹೆಸರು ಸಾವಧಾನಿ. ಅವನ ಬೆನ್ನು ಹತ್ತಿ ಹೋಗುವುದು ಅಂಗಡಿಯವನ ಹಳೆಯ ಚಟ. ಇಬ್ಬರೂ ಹೊರಟರು.

ದಾರಿಯುದ್ದಕ್ಕೂ ಅವಳೇ ಮಾತಾಡಿದಳು. ಮೇಷ್ಟ್ರು ಅರ್ಧ ಆಯುಷ್ಯ ಸವೆಸಿ ಅಲೆಕ್ಸಾಂಡರನ ಜೀವನ ಬರೆದಿದ್ದರು. ಅವನಿಗೆ ಆಪ್ತರೇ ವಿಷವಿಟ್ಟರೆಂಬ ಕೊನೆಯ ಅಧ್ಯಾಯವೇ ಅದರ ಜೀವಾಳ. ಇವತ್ತು ಕಾಲೇಜಿನಲ್ಲಿ ಅದರ ಮೇಲೆ ಚರ್ಚೆ ನಡೆಯಬೇಕಿತ್ತು. ಎದುರು ವಾದಿಸಬೇಕಿದ್ದವನು ಮೇಷ್ಟ್ರೇ ಬೆಳೆಸಿದ ಶಿಷ್ಯ. ಅವಳನ್ನು ಮದುವೆಯಾಗಬೇಕಿದ್ದವನೂ ಅವನೇ. ಮೊನ್ನೆ ಅವನು ಮನೆಗೆ ಬಂದು, "ಇದು ಅಚ್ಚಾದರೆ ನಿಮ್ಮ ಮಾನ ಉಳಿಯಲ್ಲ" ಎಂದು ಕೂಗಾಡಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ನಿನ್ನೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದರೆ ಹಿತ್ತಿಲಿನ ತಗಡಿನ ಡಬ್ಬಿಯಲ್ಲಿ ಆ ಕೈಬರಹದ ಒಂದೇ ಪ್ರತಿಯ ಬೂದಿ. ಆ ಜಗಳದ ಸುದ್ದಿ ಕೇಳಿ ಪ್ರಿನ್ಸಿಪಾಲರು ಬೆಳಿಗ್ಗೆಯೇ ಶಿಷ್ಯನನ್ನು ಕಾಲೇಜಿನ ಕೆಲಸದಿಂದ ತೆಗೆದಿದ್ದರು.

ಮೇಷ್ಟ್ರು ಶಾಲು ಹೊದ್ದು ಕುಳಿತಿದ್ದರು. "ನಾನು ವಾಕಿಂಗ್ ಮುಗಿಸಿ ಬರೋ ಹೊತ್ತಿಗೆ ಬೂದಿ ತಣ್ಣಗಾಗಿತ್ತು," ಎಂದರು. ಮಗಳು ಕೊಟ್ಟ ಚಹಾದ ಲೋಟಕ್ಕೆ ಎಡಗೈ ಚಾಚಿದರು. ಬಲಗೈ ಶಾಲಿನೊಳಗೇ ಇತ್ತು. ಪಾಪ, ಮುದುಕರು ಇಳಿದುಹೋಗಿದ್ದಾರೆ ಎಂದುಕೊಂಡ ಅಂಗಡಿಯವನು.

ಸಾವಧಾನಿ ಡಬ್ಬಿ ಕೆದಕಿದ. ಒಂದು ಹಾಳೆಯ ಮೂಲೆಯೂ ಉಳಿದಿರಲಿಲ್ಲ. ಒಳಗೆ ಬಂದು ಮೇಜಿನ ಡ್ರಾಯರ್ ಎಳೆದ. ದಂಡಯಾತ್ರೆಯ ಬಣ್ಣದ ನಕ್ಷೆಗಳಿದ್ದವು.

"ಇವು ಯಾರು ಬರೆದದ್ದಮ್ಮ?"

"ನಾನೇ. ಆದರೆ ಪುಸ್ತಕದ ಹಾಳೆಗಳ ಜೊತೆ ಪಿನ್ ಮಾಡಿಟ್ಟಿದ್ದೆ. ಇಲ್ಲಿಗೆ ಹೇಗೆ ಬಂದವು?"

ಸಂಜೆ ಅದೇ ಕೋಣೆಗೆ ಪ್ರಿನ್ಸಿಪಾಲರನ್ನೂ ಶಿಷ್ಯನನ್ನೂ ಕರೆಸಲಾಯಿತು. ಮಗಳು ಶಿಷ್ಯನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ದಪ್ಪ ಕಟ್ಟನ್ನ ಹಾಗೇ ಬೆಂಕಿಗೆ ಹಾಕಿದರೆ ಅಂಚು ಕರಟುತ್ತೆ, ನಡುಭಾಗ ಉಳಿಯುತ್ತೆ," ಎಂದು ಸಾವಧಾನಿ ಶುರುಮಾಡಿದ. "ಇಲ್ಲಿ ಏನೂ ಉಳಿದಿಲ್ಲ. ಒಂದೊಂದೇ ಹಾಳೆ ಹಾಕ್ತಾ ಕೂತಿದ್ದಾರೆ. ಸಿಕ್ಕಿಬೀಳೋ ಭಯ ಇದ್ದವರು ಹಾಗೆ ಕೂರಲ್ಲ. ಇನ್ನು ನಕ್ಷೆಗಳು. ಹಗೆಗೆ ಸುಡೋನು ಅವನ್ನ ಬಿಡಿಸಿ ಜೋಪಾನವಾಗಿ ಎತ್ತಿಡ್ತಾನಾ? ಮಗಳ ಮೇಲೆ ಪ್ರೀತಿ ಇದ್ದವರೇ ಎತ್ತಿಟ್ಟಿದ್ದಾರೆ."

"ಪ್ರೀತಿ ನನಗೂ ಇತ್ತು. ನಾನೇ ಸುಟ್ಟೆ, ಬಿಡಿ," ಎಂದ ಶಿಷ್ಯ.

ಸಾವಧಾನಿ ಅವನತ್ತ ತಿರುಗಲಿಲ್ಲ. "ಮೇಷ್ಟ್ರೇ, ಬೂದಿ ತಣ್ಣಗಾದ ಮೇಲೆ ಬಂದೆ ಅಂದಿರಿ. ಬರೆಯೋ ಕೈ ಬಿಟ್ಟು ಎಡಗೈಲಿ ಲೋಟ ಹಿಡಿದಿರಿ. ಆ ಬಲಗೈ ಒಮ್ಮೆ ತೋರಿಸ್ತೀರಾ?"

ಮೇಷ್ಟ್ರು ಶಾಲು ಸರಿಸಿದರು. ಬೆರಳುಗಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

"ವಿಷದ ಮಾತು ಅಲೆಕ್ಸಾಂಡರನ ಜೊತೆಗಿದ್ದವನೇ ಬರೆದದ್ದು ಅಂತ ನಂಬಿದ್ದೆ," ಎಂದರು. "ಅದು ತಲೆಮಾರುಗಳು ಕಳೆದ ಮೇಲೆ ಯಾರೋ ಕಟ್ಟಿದ ಕತೆ ಅಂತ ಇವನು ಮೊನ್ನೆ ತೋರಿಸಿಕೊಟ್ಟ. ಕೂಗಾಡಿದ್ದು ನನ್ನ ಒಳ್ಳೇದಕ್ಕೇ. ಆದರೆ ಯೋಚನೆ ಮಾಡಿ, ಅಲೆಕ್ಸಾಂಡರನ ಜೊತೆ ನಡೆದವರು ಬರೆದ ಪುಸ್ತಕ ಒಂದೂ ಪೂರ್ತಿ ಉಳಿದಿಲ್ಲ. ಅದಕ್ಕೇ ಅವಕ್ಕೆ ಅಷ್ಟು ಮರ್ಯಾದೆ. ಕಳೆದುಹೋದ ಪುಸ್ತಕದಲ್ಲಿ ಯಾರೂ ತಪ್ಪು ಹುಡುಕಲ್ಲ."

"ಇವನ ಕೆಲಸ ಹೋದಾಗಲೂ ಸುಮ್ಮನಿದ್ದೆಯಲ್ಲಪ್ಪ," ಎಂದಳು ಮಗಳು.

"ಅವನಿಗಿನ್ನೂ ವಯಸ್ಸಿದೆ. ಬೇರೆ ಸಿಗ್ತಿತ್ತು."

ಆಜ್ಞೆ ವಾಪಸು ಪಡೆಯುವುದಾಗಿ ಪ್ರಿನ್ಸಿಪಾಲರು ತಡವರಿಸಿದರು. ಶಿಷ್ಯ ಎದ್ದ. "ಒಂದೇ ಅಧ್ಯಾಯ ತಪ್ಪಿತ್ತು ಮೇಷ್ಟ್ರೇ. ಉಳಿದದ್ದರ ಮುಂದೆ ನಿಲ್ಲೋ ಪುಸ್ತಕ ಯಾರೂ ಬರೆದಿರಲಿಲ್ಲ."

ಮಗಳು ಗೇಟಿನವರೆಗೂ ಅವನ ಹಿಂದೆ ಓಡಿದಳು. ಗೆಳೆಯರಿಬ್ಬರೂ ಆಗಲೇ ಹೊರಗೆ ನಿಂತಿದ್ದರಿಂದ ಮಾತು ಕಿವಿಗೆ ಬಿತ್ತು.

"ನನಗೇನು ಗೊತ್ತಿತ್ತು? ಎಲ್ಲ ನಿನ್ನ ಕಡೆಗೇ ಬೆರಳು ತೋರಿಸ್ತಿತ್ತು."

"ನನ್ನ ಒಂದು ಮಾತು ಕೇಳಬಹುದಿತ್ತು," ಎಂದ ಅವನು. "ಅಷ್ಟೂ ಮಾಡಲಿಲ್ಲ ನೀನು."

ಅವನು ತಿರುಗಿ ನೋಡದೆ ಬೀದಿಯ ತಿರುವು ದಾಟಿದ. ಅವಳು ಗೇಟು ಹಾಕಿಕೊಂಡು, ಅಪ್ಪನ ಕೈಗೆ ಮುಲಾಮು ಹಚ್ಚಲು ಒಳಗೆ ಹೋದಳು.