ಮಂಗಳವಾರದ ಪಾಸ್

ಅಕ್ಟೋಬರ್ 8, ಬುಧವಾರ, ಬೆಳಿಗ್ಗೆ 10.20. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಒಂದು ಹಳೆಯ ಮೊಬೈಲ್ ಇಟ್ಟರು.

"ನಮ್ಮ ಮನೆಯವರು ನಿನ್ನೆ ಥೀಮ್ ಪಾರ್ಕಿಗೆ ಹೋಗಿದ್ರಂತೆ ಸರ್."

"ಹೋಗ್ಲಿ, ಅದಕ್ಕೇನೀಗ?"

"ಅವರು ತೀರಿಕೊಂಡು ಎಂಟು ತಿಂಗಳಾಯ್ತು."

ಸ್ಟೇಷನ್ ಡೈರಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಕೆಳಗಿಟ್ಟ. ಇನ್ಸ್‌ಪೆಕ್ಟರ್ ಮೊಬೈಲಿನ ಸಂದೇಶ ಓದಿದರು. ಅಭಿನಂದನೆ, ಇದು ನಿಮ್ಮ ಐವತ್ತನೇ ಭೇಟಿ, ನಿಮ್ಮ ವಾರ್ಷಿಕ ಪಾಸ್ ಮೂರು ವಾರದಲ್ಲಿ ಮುಗಿಯಲಿದೆ, ಬೇಗ ನವೀಕರಿಸಿ. ಸತ್ತವರಿಗೂ ನವೀಕರಿಸಿಕೊಳ್ಳಿ ಎನ್ನುವ ಕಂಪನಿಯ ಉತ್ಸಾಹ ಕಂಡು ಅವರು ಅದನ್ನು ಮತ್ತೊಮ್ಮೆ ಓದಿದರು.

"ಪಾಸ್ ಯಾರ ಹತ್ತಿರ ಇದೆ?"

"ಪಾಸ್ ಇತ್ತು ಅನ್ನೋದೇ ನನಗೆ ಗೊತ್ತಿರ್ಲಿಲ್ಲ. ಅವರಿಗೆ ಮಂಗಳವಾರ ರಜೆ, ನನಗೆ ಭಾನುವಾರ. ಮಂಗಳವಾರ ಮನೇಲೇ ಇರ್ತಾರೆ ಅಂದ್ಕೊಂಡಿದ್ದೆ."

"ಈ ಮೊಬೈಲ್ ಇನ್ನೂ ನಡೀತಿದೆಯಾ?"

"ದಿನಾ ಚಾರ್ಜಿಗೆ ಹಾಕ್ತೀನಿ."

ಇನ್ಸ್‌ಪೆಕ್ಟರ್ ಮೊಬೈಲನ್ನು ಮೆಲ್ಲಗೆ ಅವರ ಕಡೆ ಸರಿಸಿದರು.

"ನಿಮಗೆ ಏನಾಗ್ಬೇಕು ಅಮ್ಮ?"

"ಅವರ ಹೆಸರಲ್ಲಿ ಯಾರು ಓಡಾಡ್ತಿದ್ದಾರೆ ಅಂತ ಗೊತ್ತಾಗ್ಬೇಕು. ಅದು ಹೆಂಗಸಾಗಿದ್ರೂ ಪರವಾಗಿಲ್ಲ, ಮುಚ್ಚಿಡದೆ ಹೇಳಿಬಿಡಿ."

11.05ಕ್ಕೆ FIR ದಾಖಲಾಯಿತು. ಮೃತರ ಪಾಸ್ ದುರ್ಬಳಕೆ, ಆರೋಪಿ ಅಪರಿಚಿತ.

ಮರುದಿನ ಮಧ್ಯಾಹ್ನ ಪಾರ್ಕಿನ ಮ್ಯಾನೇಜರ್ ದಾಖಲೆ ತೆಗೆದು ತೋರಿಸಿದ. ಆ ಪಾಸಿನ ಐವತ್ತು ಭೇಟಿಗಳೂ ಮಂಗಳವಾರವೇ, ಎಲ್ಲವೂ ಹನ್ನೊಂದು ಗಂಟೆಯ ಹೊತ್ತಿಗೆ. ಅವುಗಳಲ್ಲಿ ಮೂವತ್ತಾರು, ಪಾಸಿನ ಒಡೆಯ ಸತ್ತ ಮೇಲಿನವು. ಮ್ಯಾನೇಜರನಿಗೆ ಇದಕ್ಕಿಂತ ಜನ ಬಂದ ಲೆಕ್ಕದ ತನ್ನ ಗ್ರಾಫ್ ತೋರಿಸುವುದರಲ್ಲೇ ಆಸಕ್ತಿ.

"ಬೇಡಿಕೆ ಚೆನ್ನಾಗಿದೆ ಸರ್. ಫೆಬ್ರವರೀಲಿ ವಾರದ ದಿನ ಎಪ್ಪತ್ತು ಜನಕ್ಕೆ ಇಳಿದಿತ್ತು. ಇನ್ನೂರು ದಾಟದಿದ್ರೆ ಶನಿವಾರ, ಭಾನುವಾರ ಮಾತ್ರ ತೆಗೆಯೋದು ಅಂತ ಮೇಲಿನವರು ನೋಟಿಸ್ ಕೊಟ್ರು. ಮಾರ್ಚಿಂದ ನೋಡಿ, ಒಂದು ದಿನಾನೂ ಇನ್ನೂರಕ್ಕೆ ಕಡಿಮೆ ಆಗಿಲ್ಲ."

"ಎಷ್ಟು ಬರ್ತಾರೆ?"

"ಇನ್ನೂರೆರಡು, ಇನ್ನೂರೈದು... ಹೀಗೆ."

"ಇಷ್ಟು ಲೆಕ್ಕಾಚಾರದ ಜನಸಂದಣಿ ನಾನು ಎಲ್ಲೂ ನೋಡಿಲ್ಲ" ಎಂದರು ಇನ್ಸ್‌ಪೆಕ್ಟರ್. ಮ್ಯಾನೇಜರ್ ಅದನ್ನು ಹೊಗಳಿಕೆ ಎಂದುಕೊಂಡು ನಕ್ಕ.

ಅಕ್ಟೋಬರ್ 14, ಮಂಗಳವಾರ. ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಇಬ್ಬರೂ ಸಾದಾ ಉಡುಪಿನಲ್ಲಿ ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಮಧ್ಯಾಹ್ನ 12ಕ್ಕೆ ಗೇಟಿನ ಫಲಕದಲ್ಲಿ 'ಒಳಗೆ ಬಂದವರು 203, ಜನಸಂದಣಿ ಸಾಧಾರಣ' ಎಂದಿತ್ತು. ದೊಡ್ಡ ಚಕ್ರ ಒಬ್ಬ ತಾಯಿ, ಒಂದು ಮಗುವನ್ನು ಕೂರಿಸಿಕೊಂಡು ತಿರುಗುತ್ತಿತ್ತು. ದೋಣಿಗಳೆಲ್ಲ ಖಾಲಿ. ಯಾರೂ ಕೇಳದ ಹಾಡು ಕಂಬ ಕಂಬದಲ್ಲೂ ಮೊಳಗುತ್ತಿತ್ತು. ಹೆಡ್ ಕಾನ್‌ಸ್ಟೆಬಲ್ ಇಡೀ ಪಾರ್ಕು ಸುತ್ತಿ, ಬೆವರು ಒರೆಸಿಕೊಳ್ಳುತ್ತ ಬಂದ.

"ಎಪ್ಪತ್ತೊಂದು ಸರ್. ನಮ್ಮಿಬ್ಬರನ್ನೂ ಸೇರಿಸಿ."

ಪಾಸ್ ತೋರಿಸಿದ ಕೂಡಲೇ ಗೇಟಿನವನ ಪರದೆಯ ಮೇಲೆ ಪಾಸಿನ ಒಡೆಯನ ಫೋಟೊ ಮೂಡುತ್ತದೆ. ಹೀಗಾಗಿ ಅವನ ಕಣ್ಣು ತಪ್ಪಿಸಿ ಯಾರೂ ಇನ್ನೊಬ್ಬರ ಪಾಸಿನಲ್ಲಿ ಒಳಗೆ ಬರಲಾರರು. ಇನ್ಸ್‌ಪೆಕ್ಟರ್ ಕ್ಯಾಮೆರಾ ಕೋಣೆಗೆ ಹೋಗಿ ಅಂದಿನ ಬೆಳಗಿನ ದೃಶ್ಯ ಹಾಕಿಸಿದರು.

ಗೇಟಿನ ಕಾವಲುಗಾರ ಬೂತಿನಿಂದ ಒಂದು ಕಾರ್ಡ್ ತಂದು ಯಂತ್ರಕ್ಕೆ ತೋರಿಸಿದ. ತಿರುಗುವ ಕಂಬಿ ತಳ್ಳಿಕೊಂಡು ತಾನೇ ಒಳಗೆ ಬಂದ. ಪಕ್ಕದ ಚಿಕ್ಕ ಬಾಗಿಲಿನಿಂದ ಹೊರಗೆ ಹೋದ. ಮತ್ತೊಂದು ಕಾರ್ಡ್ ತೋರಿಸಿದ. ಜನ ಬಂದಾಗ ನಿಲ್ಲಿಸಿ ಅವರನ್ನು ಒಳಗೆ ಬಿಟ್ಟ, ಅವರು ಹೋದ ಮೇಲೆ ಮತ್ತೆ ಸುತ್ತತೊಡಗಿದ. ಪ್ರತಿ ಸಲವೂ ಕಂಬಿ ದಾಟುವಾಗ ಅವನ ತುಟಿ ಅಲ್ಲಾಡುತ್ತಿತ್ತು.

"ಏನಂತಿದ್ದಾನೆ?" ಎಂದ ಹೆಡ್ ಕಾನ್‌ಸ್ಟೆಬಲ್.

"ಬನ್ನಿ ಅಂತಿರಬೇಕು."

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅವನು ಎದೆಯ ಜೇಬಿನಿಂದ ಬೇರೊಂದು ಕಾರ್ಡ್ ತೆಗೆದ. ಅದನ್ನು ತೋರಿಸಿದ ಮೇಲೆ ಮಾತ್ರ ಅವನು ಕಂಬಿ ದಾಟಲಿಲ್ಲ, ಕೈಯಿಂದ ತಿರುಗಿಸಿ ಬಿಟ್ಟ. ಆಮೇಲೆ ನಾಲ್ಕು ನಿಮಿಷ ರಸ್ತೆಯ ಕಡೆ ನೋಡುತ್ತ ನಿಂತ.

1.15ಕ್ಕೆ ಇಬ್ಬರು ಪಂಚರ ಸಮ್ಮುಖದಲ್ಲಿ ಬೂತಿನ ಪಂಚನಾಮೆ ನಡೆಯಿತು. ಡ್ರಾಯರಿನಲ್ಲಿ 133 ಪಾಸ್ ಸಿಕ್ಕವು. ಫೋನಿನಲ್ಲೇ ವರ್ಷದ ಪಾಸ್ ಕೊಂಡು, ಕಾರ್ಡ್ ತೆಗೆದುಕೊಳ್ಳಲು ಒಮ್ಮೆಯೂ ಬಾರದ ಆರಂಭಶೂರರವು. ಜೇಬಿನಲ್ಲಿದ್ದದ್ದು ಒಂದು, ದೂರುದಾರರ ಗಂಡನದು.

2.30, ಠಾಣೆ. ಕಾವಲುಗಾರನಿಗೆ ಐವತ್ತೆಂಟು ವರ್ಷ. ಇಸ್ತ್ರಿ ಮಾಡಿದ ಸಮವಸ್ತ್ರ, ಮನೆಯಲ್ಲಿ ಒಬ್ಬನೇ.

"ಯಾವಾಗಿಂದ ನಡೀತಿದೆ ಇದು?"

"ಫೆಬ್ರವರಿ ನಾಲ್ಕರಿಂದ."

"ಅಷ್ಟೂ ಕಾರ್ಡ್?"

"ಇಲ್ಲ ಸರ್. ಅವತ್ತು ಒಂದೇ. ಲಿಫ್ಟಣ್ಣಂದು."

"ಯಾರು ಲಿಫ್ಟಣ್ಣ?"

"ಲಿಫ್ಟ್ ರಿಪೇರಿ ಮಾಡ್ತಿದ್ರಲ್ಲ, ಅದಕ್ಕೆ ಹಾಗೆ ಕರೀತಿದ್ದೆ. ಜೇಬಲ್ಲಿ ಸ್ಪ್ಯಾನರ್ ಬಿಟ್ಟು ಬೇರೇನೂ ಉಳಿಯಲ್ಲ, ನಿನ್ನ ಹತ್ತಿರಾನೇ ಇರ್ಲಿ ಅಂತ ಪಾಸ್ ಕೊಟ್ಟಿದ್ರು. ಒಂದು ಆಟಾನೂ ಆಡಿದವರಲ್ಲ. ಮೇಲೆ ಕೆಳಗೆ ಹೋಗಿ ಬರೋದು ನನ್ನ ಹೊಟ್ಟೆಪಾಡು, ಅದಕ್ಕೆ ಟಿಕೆಟ್ ಬೇರೆ ತಗೋಬೇಕಾ ಅನ್ನೋರು. ಬೂತ್ ಪಕ್ಕ ಸ್ಟೂಲ್ ಹಾಕ್ಕೊಂಡು ಮಾತಾಡ್ತಾ ಕೂರೋರು."

"ಜೊತೇಲಿ ಯಾರಾದ್ರೂ ಬರ್ತಿದ್ರಾ?"

"ಯಾರೂ ಇಲ್ಲ. ಖಾಲಿ ಮನೇಲಿ ಕೂತ್ಕೊಳ್ಳೋಕೆ ಆಗಲ್ಲ ಕಣಯ್ಯ ಅಂತಿದ್ರು."

"ಫೆಬ್ರವರಿ ನಾಲ್ಕಕ್ಕೆ ಏನಾಯ್ತು?"

"ಹೊತ್ತಿಗೆ ಬರ್ಲಿಲ್ಲ. ಬಂದೇ ಬರ್ತಾರೆ, ಹಾಜರಿ ಹಾಕಿಬಿಡೋಣ ಅಂತ ಕಾರ್ಡ್ ತೋರಿಸಿದೆ. ಮುಂದಿನ ವಾರಾನೂ ಹಾಗೇ ಮಾಡಿದೆ."

"ಫೋನ್ ಮಾಡಿ ವಿಚಾರಿಸಬಹುದಿತ್ತಲ್ಲ?"

"ನಂಬರ್ ಕೇಳಿಟ್ಕೊಂಡಿರ್ಲಿಲ್ಲ. ಆಫೀಸಲ್ಲಿ ತಗೋಬಹುದಿತ್ತು. ಆದ್ರೆ ಯಾಕೆ ಬರ್ತಿಲ್ಲ ಅಂತ ಕೇಳೋಕೆ ನಾನ್ಯಾರು ಸರ್?"

"ಮಿಕ್ಕ ಕಾರ್ಡ್?"

"ನೋಟಿಸ್ ಬಂತಲ್ಲ. ಮಂಗಳವಾರ ಪಾರ್ಕ್ ಮುಚ್ಚಿದ್ರೆ ಅವರು ಬಂದು ಬೀಗ ನೋಡ್ಕೊಂಡು ಹೋಗ್ತಾರೆ."

"ನಿಮ್ಮ ಕೆಲಸ ಹೋಗುತ್ತೆ ಅನ್ನೋ ಭಯ ಇರ್ಲಿಲ್ವಾ?"

"ಕೆಲಸ ಹೋಗ್ತಿರ್ಲಿಲ್ಲ. ಗೋದಾಮಿಗೆ ಹಾಕ್ತಿದ್ರು. ಅಲ್ಲಿ ಬೊಂಬೆಗಳಿವೆ, ಮನುಷ್ಯರಿಲ್ಲ. ಮನೇಲೂ ಇಲ್ಲ. ಇಲ್ಲಾದ್ರೆ ಎಪ್ಪತ್ತು ಜನಕ್ಕೆ ಬನ್ನಿ ಅಂದ್ರೆ ಹತ್ತು ಜನ ತಿರುಗಿ ಮಾತಾಡ್ತಾರೆ."

ಇನ್ಸ್‌ಪೆಕ್ಟರ್ ಕಡತ ಮುಚ್ಚಿದರು. "ಅವರು ಫೆಬ್ರವರಿ ಮೂರಕ್ಕೇ ತೀರಿಕೊಂಡ್ರು. ಕೆಲಸದ ಜಾಗದಲ್ಲೇ, ಹೃದಯಾಘಾತ."

ಕಾವಲುಗಾರ ಬೆರಳು ಮಡಿಸಿ ವಾರ ಲೆಕ್ಕ ಹಾಕಿದ.

"ಹಾಗಾದ್ರೆ ಅದು ಸೋಮವಾರ" ಎಂದ. "ಎಂಟು ತಿಂಗಳಿಂದ ಅವರ ಮೇಲೆ ಮುನಿಸಿಕೊಂಡಿದ್ದೆ ಸರ್. ಒಂದು ಮಾತೂ ಹೇಳದೆ ಬಿಟ್ಟುಹೋದ್ರಲ್ಲ ಅಂತ."

ಅವನು ಬಿಕ್ಕಿ ಬಿಕ್ಕಿ ಅತ್ತ. ಪಾಸಿನ ಮೇಲಿನ ಗಂಡನ ಫೋಟೊ ಗುರುತಿಸಲು ಬಂದು ಗೋಡೆ ಬದಿಯ ಬೆಂಚಿನಲ್ಲಿ ಕುಳಿತಿದ್ದ ದೂರುದಾರ ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡರು.

ಆ ಲೆಕ್ಕವನ್ನು ನಂಬಿ ಎಂಟು ತಿಂಗಳು ಆಟಗಳನ್ನು ಓಡಿಸಿದ್ದ ಮ್ಯಾನೇಜರನೂ ಲಿಖಿತ ದೂರು ಕೊಟ್ಟ. 4.40ಕ್ಕೆ ಬಂಧನದ ಪತ್ರ ಸಿದ್ಧವಾಯಿತು. ಬಂಧನದ ವಿಷಯವನ್ನು ಆರೋಪಿಯ ಕಡೆಯ ಒಬ್ಬರಿಗೆ ತಿಳಿಸಿ ಸಹಿ ಪಡೆಯಬೇಕು.

"ಯಾರಿಗೆ ತಿಳಿಸೋಣ?" ಎಂದ ಹೆಡ್ ಕಾನ್‌ಸ್ಟೆಬಲ್.

"ಯಾರೂ ಇಲ್ಲ."

"ಅಣ್ಣ, ತಮ್ಮ, ಸ್ನೇಹಿತ? ಒಬ್ಬರಾದ್ರೂ ಇರ್ತಾರಲ್ಲ."

"ಸ್ನೇಹಿತ ಅಂದ್ರೆ ಅವರೇ ಸರ್."

ಪೆನ್ನು ಆ ಖಾಲಿ ಅಂಕಣದ ಮೇಲೆಯೇ ನಿಂತಿತು. ಹೆಂಗಸು ಬೆಂಚಿನಿಂದ ಎದ್ದು ಬಂದರು.

"ನನಗೆ ತಿಳಿಸಿದ್ದೀರಿ ಅಂತ ಬರ್ಕೊಳ್ಳಿ."

"ನೀವು ದೂರು ಕೊಟ್ಟವರು ಅಮ್ಮ."

"ದೂರು ವಾಪಸ್ ತಗೊಳ್ಳಲ್ಲ. ಅದು ಬೇರೆ, ಇದು ಬೇರೆ."

ಹೆಡ್ ಕಾನ್‌ಸ್ಟೆಬಲ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದರು.

"ಸಂಬಂಧ ಏನಂತ ಬರೀಲಿ?"

"ಗೆಳೆಯನ ಹೆಂಡತಿ ಅಂತ ಬರೀರಿ" ಎಂದು ಅವರು ಸಹಿ ಹಾಕಿದರು.

ಸಂಜೆ ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ, ಅಪರಾಧದ ಉದ್ದೇಶ ಎಂಬಲ್ಲಿ ಹೀಗೆ ಬರೆದರು: "ಲಾಭವಿಲ್ಲ. ಆರೋಪಿಯು ಒಬ್ಬರಿಗಾಗಿ ಕಾಯುತ್ತಿದ್ದ."