ಐದನೇ ಜಾರ್ಜನ ರೂಪಾಯಿ

ತರೀಕೆರೆಯ ಬೆಳ್ಳಿ ಅಂಗಡಿಯಲ್ಲಿ, ಕರಗಿಸಲು ಇಟ್ಟಿದ್ದ ಕಾಲುಂಗುರ ಗೆಜ್ಜೆಗಳ ನಡುವೆ ನನಗೆ ಐದನೇ ಜಾರ್ಜನ ಒಂದು ರೂಪಾಯಿ ಸಿಕ್ಕಿತು. ಹಿಂಬದಿಯಲ್ಲಿ ಹಳೆಯ ಮೇಣ ಅಂಟಿತ್ತು. ನಾಣ್ಯ ಕೂಡಿಡುವವರು ಕಲೆ ತೊಳೆಯುವುದಿಲ್ಲ, ನಾನೂ ತೊಳೆಯಲಿಲ್ಲ.

ಸಿಂಗಟಗೆರೆಯ ಮನೆಯಲ್ಲಿ ಅಜ್ಜಿ ಅದನ್ನು ಮುಟ್ಟಿ ಕೈ ಎಳೆದುಕೊಂಡಳು. "ಲೇ, ಇದು ಹೆಣದ ಹಣೆಗೆ ಅಂಟಿಸಿದ್ದು ಕಣೇ. ಮಣ್ಣು ಮಾಡೋ ಮುಂಚೆ ಯಾರೋ ಕಿತ್ಕೊಂಡವ್ರೆ."

"ಶುರುವಾಯ್ತಾ ನಿನ್ ಕತೆ?" ಎಂದು ನಕ್ಕೆ. ಆದರೆ ಏಪ್ರಿಲ್ ಬಿಸಿಲಲ್ಲಿಟ್ಟರೂ ಅದು ಬಾವಿಯ ನೀರಿನಷ್ಟು ತಣ್ಣಗಿರುತ್ತಿತ್ತು.

ಅದೇ ವಾರ ತಂಗಿ ಕೋಮಲಾಗೆ ಜ್ವರ ಬಂತು. ಯಾವ ಔಷಧಿಗೂ ಇಳಿಯಲಿಲ್ಲ. ಒಂದು ಮಧ್ಯಾಹ್ನ ನೋಡಿದರೆ, ಆ ರೂಪಾಯಿಯನ್ನು ತಾನೇ ಹಣೆಯ ಮೇಲೆ ಇಟ್ಟುಕೊಂಡು ಮಲಗಿದ್ದಳು.

"ತಂಪಾಗೈತೆ ಕಣಕ್ಕಾ, ತೆಗೀಬೇಡ" ಎಂದಳು.

ಸಂಜೆಗೆ ಜ್ವರ ಇಳಿಯಿತು. ಅಮ್ಮ ದೇವರಿಗೆ ದೀಪ ಹಚ್ಚಿದಳು. ಆದರೆ ಮೈಯ ಬಿಸಿ ಇಳಿಯುವುದು ನಿಲ್ಲಲೇ ಇಲ್ಲ. ಕಂಬಳಿ ಹೊದಿಸಿದೆವು, ಅಂಗಾಲು ಉಜ್ಜಿದೆವು. ಬೆಳಗಾಗುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದಳು. ಅವಳ ಹಣೆಗಿಡಲು ಅಜ್ಜಿ ಬೇರೆ ನಾಣ್ಯ ತಂದಳು.

ಈಗ ಚಳಿಗಾಲ. ಆ ರೂಪಾಯಿ ನನ್ನ ಡಬ್ಬಿಯಲ್ಲೇ ಇದೆ. ಹೊಳೆಗೆ ಹಾಕು ಎಂದು ಅಜ್ಜಿ ದಿನವೂ ಅಳುತ್ತಾಳೆ. ಹೇಗೆ ಹಾಕಲಿ? ಮುಟ್ಟಿದರೆ ಇನ್ನೂ ಜ್ವರದಲ್ಲಿದ್ದ ಕೋಮಲಾಳ ಹಣೆಯಷ್ಟೇ ಬಿಸಿಯಾಗಿದೆ.