ಗೋಡೆಗಳ ಊರಿಗೆ ಹೋದ ಹೊನ್ನಾಚಿ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡದ ಕಾಲದಲ್ಲಿ ಸುಳಿಗಿರಿ ಎಂಬ ರಾಜ್ಯವಿತ್ತು. ಅದರ ನಡುವೆ ಮಾರುಗಣ್ಣ ಎಂಬ ಮಾಂತ್ರಿಕ ಗೋಡೆಗಳ ಊರೊಂದನ್ನು ಕಟ್ಟಿದ್ದ. ಒಳಗೆ ಬಂದವರನ್ನೆಲ್ಲ "ನೀನು ಯಾರು?" ಎಂದು ಕೇಳುತ್ತಿದ್ದ. ತಮ್ಮ ಬಾಯಿಂದ ತಮ್ಮ ಹೆಸರು ಹೇಳಿದವರು ಅಲ್ಲೇ ಗೋಡೆಯಾಗುತ್ತಿದ್ದರು. ರಾಜಕುಮಾರ ಬಿರುದುಗಳ ಸಮೇತ ಹೆಸರು ಹೇಳಿ, ಎಲ್ಲಕ್ಕಿಂತ ಉದ್ದನೆಯ ಗೋಡೆಯಾದ.

ಆ ರಾಜ್ಯದ ಕುರಿಗಾಹಿಗಳ ಹಟ್ಟಿಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುವ ವಾಡಿಕೆ ಇರಲಿಲ್ಲ. ಹೆಸರಿರುವುದು ಬೇರೆಯವರು ಕರೆಯಲಿಕ್ಕೆ. ಯಾರಾದರೂ ಕೇಳಿದರೆ ಇಂಥವರ ಮಗಳು ಎಂದರೆ ಸಾಕು. ಆ ಹಟ್ಟಿಯ ಕಾಳವ್ವ ದಾರಿ ತಪ್ಪಿದ ಕುರಿ ಹುಡುಕುತ್ತ ಗೋಡೆಗಳ ಊರೊಳಗೆ ಹೊಕ್ಕಳು. "ಹೊರಗೊಬ್ಬ ಹುಡುಗಿ ಅಳುತ್ತಿದ್ದಾಳೆ, ಯಾರ ಮಗಳೋ?" ಎಂದ ಮಾಂತ್ರಿಕ. ತಾಯಿಕರುಳು ತಡೆಯಲಿಲ್ಲ. "ಅಯ್ಯೋ, ಕಾಳವ್ವನ ಮಗಳು" ಎಂದುಬಿಟ್ಟಳು, ಗೋಡೆಯಾದಳು.

ತಾಯಿಯನ್ನು ಕರೆತರಲು ಮಗಳು ಹೊನ್ನಾಚಿ ಕಂಬಳಿ ಹೊದ್ದು ಹೊರಟಳು.

ಮೊದಲ ಬಾಗಿಲಲ್ಲಿ ಮಾತಾಡುವ ಹುಲಿ. "ನೀನು ಯಾರು?"

"ದುಗ್ಗಜ್ಜನ ಮೊಮ್ಮಗಳು ಕಣಪ್ಪ."

ಹೆಸರು ಸಿಗದ ಹುಲಿ ಬಾಲ ಮಡಚಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಕೊಳ. ನೀರಿನಲ್ಲಿ ಅವಳದೇ ಮುಖ, ತಲೆಯ ಮೇಲೆ ಕಿರೀಟ. "ಹೆಸರು ಹೇಳು, ಈ ರಾಣಿ ನೀನೇ ಆಗುವೆ" ಎಂದಿತು ನೀರು.

"ಚೆಂದಾಗವ್ಳೆ. ಆದ್ರೆ ಮೈಮೇಲೆ ಕಂಬ್ಳಿ ಇಲ್ಲ, ನಮ್ಮೋಳಲ್ಲ ಬಿಡು" ಎಂದು ಹೊನ್ನಾಚಿ ದಾಟಿದಳು.

ಮೂರನೆಯ ಬಾಗಿಲಲ್ಲಿ ಮಾರುಗಣ್ಣನೇ ಕೂತಿದ್ದ. "ನೀನು ಯಾರು?"

ಹೊನ್ನಾಚಿ ಎದೆಯುಬ್ಬಿಸಿ, ಗೋಡೆಗೋಡೆಗೂ ಕೇಳುವಂತೆ ಹೇಳಿದಳು: "ನಾನು ಕಾಳವ್ವನ ಮಗಳು."

ಗೋಡೆಯಾದವರ ಹೆಸರನ್ನು ಅವರ ಕಡೆಯವರು ಹೇಳಿದರೆ ಮಾಟ ಮುರಿಯುತ್ತದೆ. ಪಕ್ಕದ ಗೋಡೆ ಸಡಿಲಿ ಕಾಳವ್ವ ಎದ್ದು ನಿಂತಳು. "ಬಂದ್ಯಾ ಹೊನ್ನಾಚಿ" ಎಂದು ಮಗಳ ಕೆನ್ನೆ ಸವರಿದಳು. ಆಮೇಲೆ ಗೋಡೆಯಾಗಿದ್ದ ತನ್ನ ನೆರೆಯವಳನ್ನು ಹೆಸರು ಹಿಡಿದು ಕರೆದಳು. ಅವಳು ತನ್ನ ಗಂಡನ ತಂಗಿಯನ್ನು ಕರೆದಳು. ಗೋಡೆಗಳೆಲ್ಲ ಮನುಷ್ಯರಾದವು. ರಾಜಕುಮಾರನನ್ನು, ಗೋಡೆಯಿಂದ ಎದ್ದು ಬಂದ ಅವನ ದಾದಿ ಬಿರುದಿಲ್ಲದೆ ಬರೀ ಹೆಸರು ಹಿಡಿದು ಕರೆದಳು. ಅವನೂ ಎದ್ದು ಬಂದ.

ಮಾರುಗಣ್ಣ ಮಂತ್ರದ ಕೋಲೆತ್ತಿದ. ಹೊನ್ನಾಚಿ ಕೇಳಿದಳು: "ಅಲ್ಲ ಕಣಪ್ಪ, ನೀನು ಯಾರ ಮಗ?"

ಹೆತ್ತವರ ಹೆಸರನ್ನು ಅವನು ಎಂದೋ ಮರೆತಿದ್ದ. ಸಿಟ್ಟು ನೆತ್ತಿಗೇರಿ, "ನಾನು ಮಾರುಗಣ್ಣ" ಎಂದು ಗರ್ಜಿಸಿದ. ಮಾಡಿದ್ದುಣ್ಣೋ ಮಹರಾಯ, ತಾನೇ ಗೋಡೆಯಾದ. ತನ್ನವನೆಂದು ಕರೆಯುವವರು ಯಾರೂ ಇರಲಿಲ್ಲ. ಹಟ್ಟಿಯ ಕುರಿಗಳು ಈಗಲೂ ಆ ಗೋಡೆಗೆ ಬೆನ್ನುಜ್ಜುತ್ತವೆ.

ಎಲ್ಲರೂ ತಮ್ಮ ತಮ್ಮ ಮನೆ ಸೇರಿ ಉಂಡುಟ್ಟು ಸುಖವಾಗಿದ್ದರು. ಅಂದಿನಿಂದ ಯಾರಾದರೂ "ನೀನ್ಯಾರವ್ವ?" ಎಂದು ಕೇಳಿದರೆ ಕಾಳವ್ವ ತನ್ನ ಅಪ್ಪನ ಹೆಸರನ್ನೂ ಹೇಳುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು, "ನಾನು ಹೊನ್ನಾಚಿ ತಾಯಿ" ಎನ್ನುತ್ತಿದ್ದಳು.